ಹಳೇ ಮಂಚ, ಬೀರು ಬೇಕಾದವರಿಗೆ ತಲುಪಿಸೋದು: ಮಾಡಿದವರ ಅನುಭವ ಹೇಳಿ

ಬೆಂಗಳೂರಲ್ಲಿ ಮನೆ ಖಾಲಿ ಮಾಡುವವರು ಬಿಟ್ಟುಹೋಗುವ ಮಂಚ, ಮೇಜು, ಬೀರು ಒಟ್ಟುಮಾಡಿ ಬಡ ಕುಟುಂಬಗಳಿಗೆ ಕೊಡಬೇಕು ಅಂತ ನಾವು ಮೂವರು ಗೆಳತಿಯರು ಅಂದುಕೊಂಡಿದ್ದೇವೆ. ಗೋಡೌನ್ ಮೊದಲು ಹಿಡಿಯಬೇಕಾ, ಟ್ರಸ್ಟ್ ರಿಜಿಸ್ಟರ್ ಮೊದಲು ಮಾಡಿಸಬೇಕಾ?

ಉತ್ತರ 1

ಮೇಡಂ, ಎರಡೂ ಆಮೇಲೆ. ಮೊದಲು ಪಡೆಯುವವರ ಮನೆಗೆ ಹೋಗಿ ಬನ್ನಿ, ಕೈಯಲ್ಲಿ ಅಳತೆ ಟೇಪು ಇರಲಿ. ನಾವು ಶುರು ಮಾಡಿದಾಗ ಮನೆಗೆಲಸಕ್ಕೆ ಹೋಗುವ ಒಬ್ಬ ಅಮ್ಮನಿಗೆ ತೇಗದ ಡಬಲ್ ಮಂಚ ಕೊಟ್ಟೆವು. ಅವರದು ಹತ್ತಡಿಗೆ ಹತ್ತಡಿ ಶೀಟಿನ ಮನೆ. ಮಂಚ ಒಳಗೇನೋ ಹೋಯಿತು, ಆದರೆ ಐದು ಜನ ಚಾಪೆ ಹಾಸಿ ಮಲಗುತ್ತಿದ್ದದ್ದು ಅದೇ ಜಾಗದಲ್ಲಿ. ಬೇಡ ಅನ್ನಲು ಅವರಿಗೆ ಸಂಕೋಚ. ಹದಿನೈದು ದಿನ ಬಿಟ್ಟು ಹೋದರೆ ಮಂಚ ಬಾಗಿಲ ಹೊರಗೆ, ಮೇಲೆ ಟಾರ್ಪಾಲು, ಟಾರ್ಪಾಲಿನ ಗುಂಡಿಯಲ್ಲಿ ಮಳೆನೀರು. ನಿಜವಾಗಿ ಏನು ಬೇಕಿತ್ತಮ್ಮಾ ಅಂತ ಕೇಳಿದೆ. ಅಕ್ಕಿಗೆ ಇಲಿ ಬೀಳದ ಹಾಗೆ ಬಾಗಿಲಿರುವ ಒಂದು ಸಣ್ಣ ಕಪಾಟು ಸಿಕ್ಕಿದ್ದರೆ ಸಾಕಿತ್ತು ಅಂದರು. ಅವತ್ತಿನಿಂದ ಕೇಳದೆ, ಅಳೆಯದೆ ಒಂದು ಸ್ಟೂಲನ್ನೂ ಕಳಿಸಿಲ್ಲ.

ನಮ್ಮಲ್ಲಿ ಜನ ಜಾಸ್ತಿ ಕೇಳೋದು ಸ್ಟೀಲ್ ಬೀರು, ಮಡಚುವ ಮೇಜು, ಪ್ಲಾಸ್ಟಿಕ್ ಕುರ್ಚಿ. ಸೋಫಾ ಕೇಳುವವರು ಕಡಿಮೆ, ಕೊಡುತ್ತೇವೆ ಅಂತ ಫೋನ್ ಮಾಡುವವರು ಮಾತ್ರ ದಿನಾ ಇರುತ್ತಾರೆ. ಅವರಿಗೆ ಬೇಡ ಅನ್ನೋದನ್ನು ಈಗಲೇ ಕಲಿತುಬಿಡಿ. ಫೋಟೋ ತರಿಸಿಕೊಳ್ಳಿ, ಅಡಿ ಭಾಗದ್ದೂ ಹಿಂಭಾಗದ್ದೂ ಇರಲಿ. ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದ್ದರೆ ಅದರಲ್ಲಿ ಸ್ಕ್ರೂ ನಿಲ್ಲೋದಿಲ್ಲ. ಹಾಸಿಗೆಯ ಹೊಲಿಗೆಯಲ್ಲೋ ಮಂಚದ ಸಂದಿಯಲ್ಲೋ ಸಣ್ಣ ಕಪ್ಪು ಚುಕ್ಕೆ ಕಂಡರೆ ತಿಗಣೆ ಇದೆ ಅಂತಲೇ ತಿಳಿದು ಅಲ್ಲೇ ಬಿಟ್ಟು ಬನ್ನಿ. ಇಲ್ಲದಿದ್ದರೆ ಒಂದು ಮಂಚದಿಂದ ಇಡೀ ಗೋಡೌನಿಗೆ ಹತ್ತುತ್ತದೆ, ಅಲ್ಲಿಂದ ಆ ಬಡವರ ಮನೆಗೆ ಹೋಗುತ್ತದೆ.

ಉತ್ತರ 2

ಖರ್ಚಿನ ಬಗ್ಗೆ ಹೇಳುತ್ತೇನೆ. ಸಾಮಾನು ಪುಕ್ಕಟೆ ಸಿಗುತ್ತದೆ, ಆದರೆ ಟಾಟಾ ಏಸ್ ಬಾಡಿಗೆ, ಹಮಾಲಿ, ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಇಳಿಸಿದ್ದಕ್ಕೆ ಮೇಲೆ ಕೊಡುವ ದುಡ್ಡು, ಇದಕ್ಕೇ ನಮ್ಮ ಹಣ ಎಲ್ಲಾ ಹೋಗುತ್ತಿತ್ತು. ಈಗ ಕೊಡುವವರ ಹತ್ತಿರವೇ ಸಾಗಣೆ ಖರ್ಚು ಕೇಳುತ್ತೇವೆ, ಸುಮಾರು ಜನ ಖುಷಿಯಿಂದಲೇ ಕೊಡುತ್ತಾರೆ. 80ಜಿ ರಸೀದಿ (ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯೋಕೆ ಬೇಕಾಗುವ ರಸೀದಿ) ಕೇಳುವವರಿಗೆ ಮೊದಲೇ ಹೇಳಿಬಿಡಿ, ಆ ತೆರಿಗೆ ವಿನಾಯಿತಿ ದುಡ್ಡು ಕೊಟ್ಟರೆ ಮಾತ್ರ, ವಸ್ತುವಿಗೆ ಇಲ್ಲ. ದುಡ್ಡಲ್ಲೂ ನಗದಾದರೆ 2,000 ರೂಪಾಯಿ ದಾಟಬಾರದು.

ಇನ್ನೊಂದು, ಮಂಚ ಬಿಚ್ಚಿದ ಕೂಡಲೇ ಬೋಲ್ಟು, ನಟ್ಟು ಎಲ್ಲಾ ಒಂದು ಬಟ್ಟೆಗೆ ಹಾಕಿ ಮಂಚದ ಕಾಲಿಗೇ ಕಟ್ಟಿ. ಬೀರುವಿನ ಕೀನೂ ಹಾಗೇ ಬೀರುವಿಗೇ ಕಟ್ಟಿಬಿಡಿ. ನಾಲ್ಕು ಬೋಲ್ಟು ಕಳೆದು ಒಳ್ಳೇ ಮಂಚ ಗುಜರಿಗೆ ಹಾಕಿದ್ದೇವೆ, ಹೊಟ್ಟೆ ಉರಿಯುತ್ತದೆ.

ಉತ್ತರ 3

ನಾನು 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಸಾಮಾನು ಸಾಗಿಸುವ ಕೆಲಸದಲ್ಲಿದ್ದೆ. ಜನ ಇನ್ನೂ ಪರಿಹಾರ ಕೇಂದ್ರದಲ್ಲೇ ಇದ್ದರು, ನಾವು ಆಗಲೇ ಮಂಚ, ಮೇಜು ಹೇರಿಕೊಂಡು ಹೋದೆವು. ಇಡೋಕೆ ಅವರಿಗೆ ಮನೆಯೇ ಇರಲಿಲ್ಲ. ಶೆಡ್ಡಿನ ನೆಲದ ತೇವಕ್ಕೆ ಅರ್ಧ ಸಾಮಾನು ಬೂಸ್ಟು ಹಿಡಿಯಿತು. ಬಾಡಿಗೆ ಮನೆ ಸಿಕ್ಕವರು ಒಬ್ಬೊಬ್ಬರಾಗಿ ಬಂದು ಕೇಳುವ ಹೊತ್ತಿಗೆ ಕೊಡೋಕೆ ಒಳ್ಳೇದು ಕಡಿಮೆ ಉಳಿದಿತ್ತು. ಆದ್ದರಿಂದ ಮಳೆ ಹಿಡಿಯುವ ಮುಂಚೆ ಗೋಡೌನ್ ಖಾಲಿ ಮಾಡಿ, ಉಳಿದದ್ದನ್ನು ಇಟ್ಟಿಗೆ ಮೇಲೆ ಎತ್ತಿಡಿ, ಗೋಡೆಗೆ ತಾಗಿಸಬೇಡಿ.