ಅಮೆರಿಕದ ಕಾಲೇಜು ಗೌರವ ಸಂಘಗಳು: ಪೋಷಕರ ಬಳಗದ ಪ್ರಶ್ನೋತ್ತರ

(ಗೌರವ ಸಂಘವೆಂದರೆ ಓದಿನಲ್ಲಿ, ನಡತೆಯಲ್ಲಿ ಮುಂದಿರುವ ವಿದ್ಯಾರ್ಥಿಗಳನ್ನು ಆಯ್ದು ಸದಸ್ಯರನ್ನಾಗಿಸುವ ಸಂಘ. ಅಮೆರಿಕದಲ್ಲಿ ಓದುತ್ತಿರುವ ಕನ್ನಡಿಗ ವಿದ್ಯಾರ್ಥಿಗಳ ಪೋಷಕರ ಪ್ರಶ್ನೆಗಳಿಗೆ ಅಲ್ಲಿನ ವಿಶ್ವವಿದ್ಯಾಲಯವೊಂದರ ಶೈಕ್ಷಣಿಕ ಸಲಹೆಗಾರರು ಉತ್ತರಿಸಿದ್ದಾರೆ.)

ಹುಬ್ಬಳ್ಳಿಯ ತಾಯಿ: ಮೇಡಂ, ನಮಸ್ಕಾರ. ಮಗನಿಗೆ ಒಂದು ಗೌರವ ಸಂಘದಿಂದ ಇಮೇಲ್ ಬಂದಿದ್ದು, ಶುಲ್ಕ ಕಟ್ಟಿ ಸದಸ್ಯನಾಗಲು ತಿಳಿಸಿದ್ದಾರೆ. ಸಂಘ ನಿಜವಾದದ್ದೇ ಎಂದು ತಿಳಿಯುವುದು ಹೇಗೆ?

ಸಲಹೆಗಾರರು: ನಮಸ್ಕಾರ. ಶುಲ್ಕ ಕೇಳಿದ ಮಾತ್ರಕ್ಕೆ ಸಂಘ ಸುಳ್ಳಾಗುವುದಿಲ್ಲ. ಹೆಸರುವಾಸಿಯಾದ ಹಳೆಯ ಸಂಘಗಳೂ ಪ್ರವೇಶ ಶುಲ್ಕ ಪಡೆಯುತ್ತವೆ. ಮಗನ ಕಾಲೇಜಿನಲ್ಲಿ ಅದರ ಶಾಖೆ ಇದೆಯೇ, ಶಾಖೆಗೆ ಅಧ್ಯಾಪಕರೊಬ್ಬರು ಹೊಣೆಯಾಗಿದ್ದಾರೆಯೇ, ಆಯ್ಕೆಯ ಮಾನದಂಡವನ್ನು ಸ್ಪಷ್ಟವಾಗಿ ಬರೆದಿದ್ದಾರೆಯೇ ಎಂದು ನೋಡಿ. ಉದಾಹರಣೆಗೆ, 1897ರಲ್ಲಿ ಮೇನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಫೈ ಕಪ್ಪ ಫೈ ಮೂರನೇ ವರ್ಷದವರಲ್ಲಿ ಮೊದಲ ಶೇ. 7.5ರೊಳಗಿನವರನ್ನು, ಕೊನೆಯ ವರ್ಷದವರಲ್ಲಿ ಮೊದಲ ಶೇ. 10ರೊಳಗಿನವರನ್ನು ಪರಿಗಣಿಸುತ್ತದೆ. 1925ರಲ್ಲಿ ಸ್ಥಾಪನೆಯಾದ ಕಾಲೇಜು ಗೌರವ ಸಂಘಗಳ ಒಕ್ಕೂಟದ ಪಟ್ಟಿಯೂ ನೆರವಾಗುತ್ತದೆ. ಆದರೆ 1776ರಲ್ಲಿ ಹುಟ್ಟಿದ, ಎಲ್ಲಕ್ಕಿಂತ ಹಳೆಯದಾದ ಫೈ ಬೀಟಾ ಕಪ್ಪವೇ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ.

ತುಮಕೂರಿನ ಸದಸ್ಯರು: ಗೌರವ ಸಂಘದ ಸದಸ್ಯರಾದರೆ ಎಚ್-1ಬಿ ವೀಸಾ ಸುಲಭವಾಗಿ ಸಿಗುತ್ತದೆ ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಹಾಕಿದ್ದೇನೆ.

ಸಲಹೆಗಾರರು: ಉಪಯೋಗವಿಲ್ಲ, ಹಾನಿಯಿದೆ. ಎಚ್-1ಬಿಗೆ ಅರ್ಜಿ ಹಾಕುವುದು ಉದ್ಯೋಗದಾತರು. ಗೌರವ ಸಂಘಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ಜಿಎಸ್-7 ಎಂಬ ವೇತನ ದರ್ಜೆಗೆ ಅರ್ಹತೆ ತೋರಿಸಲು ಕೆಲವು ಗೌರವ ಸಂಘಗಳ ಸದಸ್ಯತ್ವವೂ ಒಂದು ದಾರಿ ಎಂಬುದು ನಿಜ. ಆದರೆ ಆ ಹುದ್ದೆಗಳು ಬಹುಪಾಲು ಅಮೆರಿಕದ ಪ್ರಜೆಗಳಿಗೇ ಮೀಸಲು. ದಯವಿಟ್ಟು ಇಂತಹ ಸಂದೇಶಗಳನ್ನು ಓದದೆ ಮುಂದಕ್ಕೆ ಕಳಿಸಬೇಡಿ.

ಮೈಸೂರಿನ ತಂದೆ: ಮೇಡಂ, ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿರುವ ಮಗಳಿಗೆ ಟೌ ಬೀಟಾ ಪೈ ಸಂಘದಿಂದ ಆಹ್ವಾನ ಬಂದಿದೆ. ಮೊದಲ ವರ್ಷದಲ್ಲಿ ಅವಳ ರಸಾಯನಶಾಸ್ತ್ರದ ಪ್ರಯೋಗ ವರದಿಯೂ ಗೆಳತಿಯ ವರದಿಯೂ ಒಂದೇ ಆಗಿದ್ದವು. ಕೋಷ್ಟಕದ ಮೂರನೇ ಸಾಲಿನಲ್ಲಿ ಇಬ್ಬರೂ ದಶಮಾಂಶ ಬಿಂದುವನ್ನು ಒಂದೇ ತಪ್ಪು ಜಾಗದಲ್ಲಿ ಇಟ್ಟಿದ್ದರಿಂದ ಸಿಕ್ಕಿಬಿದ್ದರು. ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು. ಈಗ ಶಾಖೆಯ ಅರ್ಜಿಯಲ್ಲಿ ಶಿಸ್ತುಕ್ರಮ ಎದುರಿಸಿದ್ದೀರಾ ಎಂಬ ಪ್ರಶ್ನೆಯಿದೆ. ದಾಖಲೆ ಗೋಪ್ಯವಾದ್ದರಿಂದ ‘ಇಲ್ಲ’ ಎಂದು ಬರೆದರೂ ಗೊತ್ತಾಗುವುದಿಲ್ಲ ಎಂದು ಬಂಧುಗಳು ಹೇಳುತ್ತಿದ್ದಾರೆ. ಏನು ಮಾಡಲಿ?

ಸಲಹೆಗಾರರು: ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು. ಮೂರನೇ ವರ್ಷದಲ್ಲಿ ಮೊದಲ ಎಂಟನೇ ಒಂದು ಭಾಗದಲ್ಲಿ ಇರುವವರನ್ನು ಮಾತ್ರ ಟೌ ಬೀಟಾ ಪೈ ಪರಿಗಣಿಸುತ್ತದೆ. ಅಂದರೆ ಅಂಕಗಳ ಪರೀಕ್ಷೆಯನ್ನು ನಿಮ್ಮ ಮಗಳು ಆಗಲೇ ಗೆದ್ದಿದ್ದಾಳೆ. ಇನ್ನು ಉಳಿದಿರುವುದು ನಡತೆ. ಮೊದಲ ವರ್ಷದ ತಪ್ಪನ್ನು ಒಪ್ಪಿಕೊಂಡು, ಅದರ ನಂತರ ಎರಡು ವರ್ಷ ಶುದ್ಧವಾಗಿ ದುಡಿದ ವಿದ್ಯಾರ್ಥಿನಿಯ ಪರವಾಗಿ ಮಾತಾಡಲು ಅಧ್ಯಾಪಕರು ಸಿಗುತ್ತಾರೆ. ಆದರೆ ಪ್ರಾಮಾಣಿಕತೆಯನ್ನು ಗುರುತಿಸುವ ಸಂಘದ ಅರ್ಜಿಯಲ್ಲೇ ಸುಳ್ಳು ಬರೆದು ಸಹಿ ಹಾಕಿದರೆ ಅದು ಹೊಸ ಅಪರಾಧವಾಗುತ್ತದೆ; ಅದಕ್ಕೆ ಹದಿನೆಂಟರ ಎಳೆತನದ ನೆಪವೂ ಇರುವುದಿಲ್ಲ. ಅರ್ಜಿಯ ಪ್ರಶ್ನೆ ಎಚ್ಚರಿಕೆಯ ಪತ್ರವನ್ನೂ ಒಳಗೊಳ್ಳುತ್ತದೆಯೇ ಎಂದು ಅವಳು ಮೊದಲು ಶಾಖೆಯ ಅಧ್ಯಾಪಕರನ್ನು ಕೇಳಲಿ. ಹೌದೆಂದರೆ ಏನಾಯಿತು, ಆಮೇಲೆ ಏನನ್ನು ಬದಲಿಸಿಕೊಂಡೆ ಎಂದು ನಾಲ್ಕು ಸಾಲು ಬರೆಯಲಿ. ಗೆಳತಿಯ ಮೇಲೆ ಹೊರೆ ಹೊರಿಸುವುದು ಬೇಡ. ಆಯ್ಕೆಯಾಗದಿರಬಹುದು. ಅದನ್ನು ತಡೆದುಕೊಳ್ಳಬಹುದು, ಸುಳ್ಳು ಹೊರಬಿದ್ದರೆ ಆಗುವ ನಷ್ಟವನ್ನು ತುಂಬಿಕೊಳ್ಳುವುದು ಬಹಳ ಕಷ್ಟ.

ಬೆಂಗಳೂರಿನ ನಿವೃತ್ತ ಪ್ರಾಧ್ಯಾಪಕರು: ನಡತೆಯನ್ನು ತೂಗುವವರು ಯಾರು? ಸದಸ್ಯರ ಮತ. ನಮ್ಮ ಘಟಿಕೋತ್ಸವದ ಚಿನ್ನದ ಪದಕಕ್ಕೆ ಅಂಕ ಸಾಕು, ಯಾರ ಮರ್ಜಿಯೂ ಬೇಕಿಲ್ಲ.

ಡಾಲಸ್‌ನ ಸದಸ್ಯರು: ಸರ್, ಅಂಕವೊಂದೇ ಅಳತೆಯಾದರೆ ಸಂಸಾರ ಸಾಕಲು ಕೆಲಸ ಮಾಡುತ್ತಾ, ಜೊತೆಯವರಿಗೆ ಪಾಠ ಹೇಳಿಕೊಡುವ ವಿದ್ಯಾರ್ಥಿ ಯಾರ ಕಣ್ಣಿಗೂ ಬೀಳುವುದಿಲ್ಲ. ವಾಷಿಂಗ್ಟನ್ ಅಂಡ್ ಲೀ ವಿಶ್ವವಿದ್ಯಾಲಯದಲ್ಲಿ 1914ರಲ್ಲಿ ಆರಂಭವಾದ ಓಮಿಕ್ರಾನ್ ಡೆಲ್ಟಾ ಕಪ್ಪ ಓದಿನ ಜೊತೆಗೆ ಕ್ರೀಡೆ, ಸೇವೆ, ಪತ್ರಿಕೋದ್ಯಮ, ಕಲೆಗಳಲ್ಲಿನ ನಾಯಕತ್ವವನ್ನೂ ಪರಿಗಣಿಸುತ್ತದೆ.

ನಿವೃತ್ತ ಪ್ರಾಧ್ಯಾಪಕರು: ಆ ವಿದ್ಯಾರ್ಥಿಗೆ ಸಂಘಗಳಲ್ಲಿ ಓಡಾಡಲು ಪುರುಸೊತ್ತು ಎಲ್ಲಿದೆ? ನಾಯಕತ್ವದ ಹೆಸರಿನಲ್ಲಿ ಮತ್ತೆ ಉಳ್ಳವರ ಮಕ್ಕಳೇ ಆಯ್ಕೆಯಾಗುತ್ತಾರೆ.

ಡಾಲಸ್‌ನ ಸದಸ್ಯರು: ನಿಮ್ಮ ಕಾಲದ ಆಂತರಿಕ ಅಂಕಗಳನ್ನು ಮನುಷ್ಯರೇ ಕೊಟ್ಟಿದ್ದಲ್ಲವೇ? ಅಲ್ಲಿ ಮರ್ಜಿ ಇರಲಿಲ್ಲವೇ?

ನಿವೃತ್ತ ಪ್ರಾಧ್ಯಾಪಕರು: ಮೂವತ್ತು ವರ್ಷ ಪಾಠ ಮಾಡಿದವನಿಗೆ ಈ ಮಾತು ಹೇಳುವ ಮೊದಲು ಯೋಚಿಸಬೇಕಿತ್ತು.

ಶಿವಮೊಗ್ಗದ ತಾಯಿ: ಫೈ ಬೀಟಾ ಕಪ್ಪಕ್ಕೆ ಎರಡನೆಯ ಭಾಷೆಯ ಜ್ಞಾನ ಬೇಕಂತೆ. ಮನೆಯಲ್ಲಿ ಕಲಿತ ಕನ್ನಡವನ್ನು ಒಪ್ಪುತ್ತಾರೆಯೇ?

ಕಲಬುರಗಿಯ ಸದಸ್ಯರು: ಮಗಳಿಗೂ ಶುಲ್ಕ ಕೇಳುವ ಇಮೇಲ್ ಬಂದಿದೆ. ನಿಜವೇ, ಸುಳ್ಳೇ?

ಸಲಹೆಗಾರರು: ಮೊದಲ ಉತ್ತರ ಓದಿ.

ತುಮಕೂರಿನ ಸದಸ್ಯರು: ಪದವಿ ಪ್ರದಾನದ ದಿನ ಕೊರಳಿಗೆ ಹಾಕುವ ಗೌರವ ದಾರ ಆನ್‌ಲೈನ್‌ನಲ್ಲೇ ಸಿಗುತ್ತದಂತೆ, ಸದಸ್ಯತ್ವವೂ ಬೇಡವಂತೆ. ಲಿಂಕ್ ಕಳಿಸುತ್ತೇನೆ.

ಸಲಹೆಗಾರರು: ಕಳಿಸಬೇಡಿ. ಗಳಿಸದ ಗೌರವವನ್ನು ಕೊರಳಿಗೆ ಹಾಕಿಕೊಳ್ಳುವಂತೆ ಮಕ್ಕಳಿಗೆ ಕಲಿಸುವುದು ತಪ್ಪು. ಮೇಲಿನ ಇಬ್ಬರು ಹಿರಿಯರೂ ನಿಮ್ಮ ವಾದವನ್ನು ಬೇರೆ ಕಡೆ ಮುಂದುವರಿಸಿ. ಇಲ್ಲಿ ಒಬ್ಬ ಹುಡುಗಿಯ ಅರ್ಜಿಯ ಪ್ರಶ್ನೆಯಿದೆ.

ಮೈಸೂರಿನ ತಂದೆ: ಮಗಳಿಗೆ ನಿಮ್ಮ ಉತ್ತರ ಓದಿ ಹೇಳಿದೆ. ಕೊನೆಯ ದಿನ ಶುಕ್ರವಾರ. ಅಧ್ಯಾಪಕರಿಗೆ ನಾನೇ ಫೋನ್ ಮಾಡಿ ವಿವರಿಸಲೇ?

ಸಲಹೆಗಾರರು: ಬೇಡ. ಶೈಕ್ಷಣಿಕ ದಾಖಲೆಗಳ ಗೋಪ್ಯತೆಯ ಬಗೆಗಿನ 1974ರ ಅಮೆರಿಕದ ಕಾನೂನಿನಂತೆ ಕಾಲೇಜು ಸೇರಿದ ಮೇಲೆ ಆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ಅವರು ನಿಮ್ಮೊಂದಿಗೆ ಮಾತಾಡದಿದ್ದರೂ ಆಶ್ಚರ್ಯವಿಲ್ಲ. ಅವಳೇ ಹೋಗಲಿ, ಗುರುವಾರದೊಳಗೆ.