ಸಹಾಯ ಬೇಕು: ಲೇತ್ ಕಲಿಯುವ ಹುಡುಗರಿಗೆ ಸುರಕ್ಷತೆ ಹೇಳಿಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವವನು. ಐಟಿಐ ಮುಗಿಸಿದ 6 ಹುಡುಗರು ತರಬೇತಿಗೆ ಬಂದಿದ್ದಾರೆ. ನಿನ್ನೆ ಒಬ್ಬ ಹತ್ತಿಯ ಗ್ಲೌಸ್ ಹಾಕಿಕೊಂಡು, ತಿರುಗುತ್ತಿದ್ದ ಚಕ್ಕಿನ (ಲೋಹದ ತುಂಡನ್ನು ಹಿಡಿದು ತಿರುಗಿಸುವ ಭಾಗ) ಪಕ್ಕದ ಲೋಹದ ಸುರುಳಿಯನ್ನು ಬೆರಳಿನಿಂದ ಎಳೆಯಲು ಹೋದ. ಓಡಿಹೋಗಿ ಮಷೀನ್ ನಿಲ್ಲಿಸಿದೆ. ಗ್ಲೌಸ್ ಇದ್ದರೆ ಕೈಗೆ ರಕ್ಷಣೆ ಎಂದೇ ಅವನು ನಂಬಿದ್ದ. ಅದರ ಒಂದು ಎಳೆ ಸಿಕ್ಕಿಕೊಂಡರೂ ಸಾಕು, ಕೈಯನ್ನೇ ಒಳಗೆಳೆದುಬಿಡುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಚಕ್ ಕೀ (ಚಕ್ಕಿಗೆ ಸಿಕ್ಕಿಸಿ ಬಿಗಿಮಾಡುವ ಕೀಲಿ) ತೆಗೆಯದೆ ಸ್ವಿಚ್ ಒತ್ತುವವರೂ ಇದ್ದಾರೆ.

ಗದರಿದರೆ ತಲೆಯಾಡಿಸುತ್ತಾರೆ, ಮರುದಿನ ಮತ್ತೆ ಅದೇ. ತಿಳಿಯದ್ದನ್ನು ಕೇಳಲು ಹೆದರುತ್ತಾರೆ. ನನ್ನ ದೊಡ್ಡ ಚಿಂತೆ ಅದೇ. ಗೋಡೆಗೆ ಅಂಟಿಸಲು ಕನ್ನಡದ ಚಿತ್ರಪಟ, ಹತ್ತು ನಿಮಿಷದ ಪಾಠದ ಮಾದರಿ ಯಾರಲ್ಲಾದರೂ ಇದೆಯೇ? ಐಟಿಐ ಬೋಧಕರು, ಅನುಭವಸ್ಥ ಫೋರ್‌ಮನ್‌ಗಳು ದಯವಿಟ್ಟು ತಿಳಿಸಿ. ಸೋಮವಾರದ ಬೆಳಗಿನ ಪಾಳಿಯಿಂದಲೇ ಶುರುಮಾಡಬೇಕೆಂದಿದ್ದೇನೆ.