ಹೂವಿನ ಫೋಮ್ ಬದಲು ಬಾಳೆ ಕಂಬ, ಯಾರಾದರೂ ಮಾಡಿ ನೋಡಿದ್ದೀರಾ?

ಸಂಜೆಮಲ್ಲಿಗೆ:
ಮುಂದಿನ ಭಾನುವಾರ ತಂಗಿಯ ಸೀಮಂತ, ಬೆಂಗಳೂರಿನ ನಮ್ಮ ಮನೆಯಲ್ಲೇ. ಅವಳು ಕೂರುವ ಕುರ್ಚಿಯ ಎರಡೂ ಪಕ್ಕ ಮತ್ತು ಊಟದ ಮೇಜಿನ ಮೇಲೆ ಹೂವು ಜೋಡಿಸಬೇಕು. ಹೋದ ವರ್ಷ ಗೃಹಪ್ರವೇಶಕ್ಕೆ ಅಲಂಕಾರದವರು ಹೂವು ಚುಚ್ಚುವ ಹಸಿರು ಫೋಮ್ ಇಟ್ಟಿಗೆ ತಂದಿದ್ದರು. ಚೆನ್ನಾಗೇನೋ ಇತ್ತು, ಆದರೆ ಆಮೇಲೆ ಅದನ್ನು ಹಸಿ ಕಸಕ್ಕೆ ಹಾಕಬೇಕೋ ಒಣ ಕಸಕ್ಕೋ ಗೊತ್ತಾಗದೆ ಕಸದ ಗಾಡಿಯವರಿಂದ ಬೈಸಿಕೊಂಡೆ. ಅದು ಫೀನಾಲ್-ಫಾರ್ಮಾಲ್ಡಿಹೈಡ್‌ನಿಂದ ಮಾಡುವ ಪ್ಲಾಸ್ಟಿಕ್, ಪುಡಿಯಾಗುತ್ತದೆಯೇ ಹೊರತು ಕೊಳೆಯುವುದಿಲ್ಲ. ಬಾಳೆ ಕಂಬದ ತುಂಡಿಗೆ ಹೂವು ಚುಚ್ಚಬಹುದು ಅಂತಾರೆ, ನಿಜಾನಾ? ಬೆಳಗ್ಗೆ ಹತ್ತರಿಂದ ಸಂಜೆವರೆಗೆ ಬಾಡದಿದ್ದರೆ ಸಾಕು.

ಹಾಳೆಟೊಪ್ಪಿ:
ನಿಜ. ಆದರೆ ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಬಾಳೆ ಕಂದು ತರಬೇಡಿ, ಅದು ತೀರಾ ಸಣ್ಣ. ಗೊನೆ ಕಡಿದ ಮರದ ಕಂಬ ಬೇಕು, ಹೇಗೂ ಅದನ್ನು ಕಡಿದೇ ಹಾಕುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಗೇಣುದ್ದಕ್ಕೆ ಕೊಯ್ದು ತಟ್ಟೆಯಲ್ಲಿ ನಿಲ್ಲಿಸಿ, ಏಕೆಂದರೆ ನೀರು ಸೋರುತ್ತಲೇ ಇರುತ್ತದೆ. ಮೊದಲು ಬಿದಿರು ಕಡ್ಡಿಯಿಂದ ತೂತು ಮಾಡಿ, ಆಮೇಲೆ ಹೂವಿನ ಕಾಂಡ ಇಳಿಸಿ. ಸುಗಂಧರಾಜ ಚೆನ್ನಾಗಿ ನಿಲ್ಲುತ್ತದೆ, ಜರ್ಬೆರಾ ಕಾಂಡ ಮೆತ್ತಗೆ, ಬಗ್ಗಿಬಿಡುತ್ತದೆ. ಚೆಂಡು ಹೂವು, ಸೇವಂತಿಗೆ ಮಾರ್ಕೆಟ್‌ನಲ್ಲಿ ಕಾಂಡವಿಲ್ಲದೆ ಬಿಡಿಬಿಡಿಯಾಗಿ ಸಿಗುತ್ತವಲ್ಲ, ಅವಕ್ಕೆ ತೆಂಗಿನ ಗರಿಯ ಕಡ್ಡಿ ಚುಚ್ಚಿ ನೆಟ್ಟುಬಿಡಿ. ಕೊಯ್ದ ಭಾಗ ಬೇಗ ಕಪ್ಪಾಗುತ್ತದೆ, ಮೇಲೆ ವೀಳ್ಯದೆಲೆ ಮುಚ್ಚಿ. ಊರಿಂದ ಬರುವವರು ಯಾರಾದರೂ ಇದ್ದರೆ ಅಡಿಕೆ ಸಿಂಗಾರ (ಅಡಿಕೆ ಮರದ ಹೂಗೊಂಚಲು) ತರಿಸಿ, ಅದೊಂದಿದ್ದರೆ ಬೇರೆ ಅಲಂಕಾರವೇ ಬೇಡ. ಮತ್ತೆ, ಹಳೇ ಬಟ್ಟೆ ಹಾಕಿಕೊಂಡು ಕೊಯ್ಯಿರಿ. ಬಾಳೆ ಕರೆ ಹತ್ತಿದರೆ ಹೋಗುವುದಿಲ್ಲ.

ಕವಲುಕೊಂಬೆ:
ಕುರ್ಚಿ ಪಕ್ಕಕ್ಕೆ ಸರಿ, ಮೇಜಿಗೆ ಮಾತ್ರ ಬೇಡ. ನಾನೊಮ್ಮೆ ಬಾಳೆ ಕಂಬಕ್ಕೆ ಗುಲಾಬಿ ಚುಚ್ಚಿದ್ದೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ತಲೆ ತಗ್ಗಿಸಿದ್ದವು. ಗುಲಾಬಿಗೆ ನಿಂತ ನೀರೇ ಬೇಕು. ಜಪಾನಿನ ಹೂ ಜೋಡಣೆ ಕಲೆ ಇಕೆಬಾನದಲ್ಲಿ ಕುಬಾರಿ ಅಂತ ಒಂದು ಹಳೇ ಉಪಾಯ ಇದೆ. ಕವಣೆಗೆ ಹುಡುಕುತ್ತೀವಲ್ಲ, ಅಂಥ ಕವಲು ಇರುವ ಹಸಿ ಸೀಬೆ ಕೊಂಬೆ ಸಾಕು, ಅದನ್ನು ಪಾತ್ರೆಯ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿ, ಬಾಯಿಂದ ಸ್ವಲ್ಪ ಕೆಳಗೆ ಅಡ್ಡಕ್ಕೆ ಬಿಗಿಯಾಗಿ ಸಿಕ್ಕಿಸಬೇಕು. ಹೂವಿನ ಕಾಂಡ ಆ ಕವಲಿನಲ್ಲಿ ಒರಗಿ ನಿಲ್ಲುತ್ತದೆ, ತುದಿ ನೀರಿನಲ್ಲಿರುತ್ತದೆ. ಗಾಜಿನ ಪಾತ್ರೆಗೆ ಮಾಡಬೇಡಿ, ಒಡೆಯುತ್ತದೆ (ನನ್ನದು ಒಡೆದಿದೆ). ಹಿತ್ತಾಳೆ ಚೊಂಬು, ಮಣ್ಣಿನ ಕುಡಿಕೆ ಆಗಬಹುದು. ಕಾಂಡವನ್ನು ಓರೆಯಾಗಿ ಕತ್ತರಿಸಿ, ನೀರಿಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಬಿಡಿ, ಇಲ್ಲದಿದ್ದರೆ ನೀರು ನಾರುತ್ತದೆ. ಮೂರೇ ಕೊಂಬೆ, ಎರಡು ಹೂವು ಇಟ್ಟರೂ ಚಂದ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಇಕೆಬಾನ ಜೋಡಣೆಗಳೂ ಇರುತ್ತವೆ, ಒಮ್ಮೆ ನೋಡಿ.

ಮಾರ್ಕೆಟ್‌ಮುಂಜಾನೆ:
ಇಷ್ಟೆಲ್ಲ ಯಾಕ್ರೀ? ಮೇಜಿಗೆ ಒಂದು ಉರುಳಿ ನೀರು, ಅದರಲ್ಲಿ ದಾಸವಾಳ ತೇಲಿಬಿಡಿ, ಮುಗೀತು. ಅದು ನೀರಿಲ್ಲದಿದ್ದರೂ ಒಂದು ದಿನ ಇರುತ್ತದೆ. ಕಣಗಿಲೆ ಮಾತ್ರ ಬೇಡ, ವಿಷ. ಊಟದ ಮೇಜು, ಮಕ್ಕಳು ಓಡಾಡುವ ಜಾಗ ಅಲ್ವಾ.

ಸಂಜೆಮಲ್ಲಿಗೆ:
ಸೀಮಂತ ಮುಗೀತು, ಎಲ್ಲರಿಗೂ ಥ್ಯಾಂಕ್ಸ್! ಕುರ್ಚಿ ಪಕ್ಕ ಬಾಳೆ ಕಂಬ, ಮೇಜಿನ ಮೇಲೆ ಚೊಂಬಿನಲ್ಲಿ ಸೀಬೆ ಕವಲು. ಮೊದಲ ಮೂರು ಕವಲು ಜಾರಿ ಒಳಗೇ ಬಿದ್ದವು, ನಾಲ್ಕನೆಯದು ಕೂತಿತು. ಸಂಜೆ ಆರತಿವರೆಗೂ ಹೂವು ನೆಟ್ಟಗಿದ್ದವು, ಸೇವಂತಿಗೆಯ ಅಂಚು ಮಾತ್ರ ಸ್ವಲ್ಪ ಬಾಡಿತ್ತು. ಕಂಬದ ತುಂಡುಗಳನ್ನು ಹಸಿ ಕಸದ ಗಾಡಿಯವರು ಮಾತಿಲ್ಲದೆ ತಗೊಂಡರು. ಒಂದೇ ತೊಂದರೆ, ಕೊನೇ ಗಳಿಗೆಯಲ್ಲಿ ಅಮ್ಮ ಒಂದು ತುಂಡು ಎತ್ತಿಡಲು ಹೋಗಿ ಹೊಸ ಸೀರೆಗೆ ಕರೆ ಮಾಡಿಕೊಂಡರು. ತೆಗೆಯುವುದು ಯಾರಿಗಾದರೂ ಗೊತ್ತಾ?

ಹಾಳೆಟೊಪ್ಪಿ:
ಹೇಳಿದ್ದೆನಲ್ಲ ಮೇಡಂ.